ಊರಿನ ರುಚಿ, ಊರಿನ ಪಂಕ್ತಿ

ಈಚಿನ ವರ್ಷಗಳಲ್ಲಿ ದೊಡ್ಡ ನಗರಗಳಲ್ಲಿ ಹೊಸ ಬಗೆಯ ಪ್ರವಾಸವೊಂದು ರೂಢಿಗೆ ಬಂದಿದೆ. ಇದಕ್ಕೆ ಬಸ್ಸು ಬೇಡ, ರೈಲು ಬೇಡ. ನಡೆಯಬಲ್ಲ ಕಾಲು, ಜೊತೆಗೆ ಸ್ವಲ್ಪ ಹಸಿವು ಇದ್ದರೆ ಸಾಕು. ಹತ್ತು ಹನ್ನೆರಡು ಜನ ಹಳೆಯ ಪೇಟೆಯೊಂದರ ಮೂಲೆಯಲ್ಲಿ ಸೇರುತ್ತಾರೆ. ಊರನ್ನು ಬಲ್ಲ ಮಾರ್ಗದರ್ಶಿಯೊಬ್ಬರು ಅವರನ್ನು ಎರಡು ಮೂರು ಗಂಟೆಗಳ ಕಾಲ ಓಣಿ ಓಣಿಗಳಲ್ಲಿ ನಡೆಸುತ್ತಾರೆ. ಐದಾರು ಅಂಗಡಿಗಳ ಮುಂದೆ ನಿಲ್ಲಿಸಿ ಒಂದೊಂದು ತಿನಿಸಿನ ರುಚಿ ತೋರಿಸುತ್ತಾರೆ. ಅದು ಯಾರ ಅಡುಗೆ, ಎಲ್ಲಿಂದ ಬಂತು, ಯಾವಾಗ ಬಂತು ಎಂದು ಹೇಳುತ್ತಾರೆ. ದಿಲ್ಲಿಯ ಚಾಂದನಿ ಚೌಕದಲ್ಲಿ, ಲಂಡನ್ನಿನಲ್ಲಿ ಬಂಗಾಳಿಗಳು ನೆಲೆಸಿದ ಬ್ರಿಕ್ ಲೇನಿನಲ್ಲಿ, ಬೆಂಗಳೂರಿನ ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ, ಶಿವಾಜಿನಗರದಲ್ಲಿ ಇಂಥ ನಡಿಗೆಗಳು ನಡೆಯುತ್ತವೆ. ಹಣ ಕೊಟ್ಟು ಬಂದವರು ಹೊಟ್ಟೆಯನ್ನೂ ತಿಳಿವಳಿಕೆಯನ್ನೂ ತುಂಬಿಕೊಂಡು ಮನೆಗೆ ಹೋಗುತ್ತಾರೆ. ಇದು ಒಳ್ಳೆಯ ಪರಿಪಾಠವೆಂದೇ ನನ್ನ ಎಣಿಕೆ. ಗುಡಿ ಗೋಪುರಗಳನ್ನು ನೋಡಿ ಊರನ್ನು ಅರಿಯುವವರಿದ್ದಾರೆ. ಉಂಡು ಅರಿಯುವವರೂ ಇರಲಿ.

ಆದರೆ ಇದು ಮಹಾನಗರಗಳ ಸೊತ್ತು, ಹಲವು ದೇಶಗಳ ಜನ ಒತ್ತಾಗಿ ಬಾಳುವ ಕಡೆಗೆ ಮಾತ್ರ ಸಲ್ಲುವ ವಿನೋದ ಎಂಬ ಭಾವನೆಯೊಂದಿದೆ. ಅದನ್ನು ನಾನು ಒಪ್ಪಲಾರೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಊರುಗಳನ್ನೇ ತೆಗೆದುಕೊಳ್ಳಿ. ಪ್ರವಾಸಿಗಳು ಗೋಳಗುಮ್ಮಟವನ್ನು ನೋಡಿ ಹಾಗೆಯೇ ಹಿಂದಿರುಗುತ್ತಾರೆ. ಈ ಊರುಗಳಿಗೆ ಕಾಲಿಡುವವರು ಕಡಿಮೆ. ಆದರೂ ಇವುಗಳ ಬಸ್ ನಿಲ್ದಾಣದಿಂದ ಸಂತೆಯವರೆಗಿನ ಅರ್ಧ ಮೈಲಿಯಲ್ಲಿ ಖಾನಾವಳಿಯಿದೆ, ಉಡುಪಿ ಹೋಟೆಲಿದೆ, ಮುಸಲ್ಮಾನರ ಚಹಾದ ಅಂಗಡಿಯಿದೆ, ಮಾರವಾಡಿಗಳ ಮಿಠಾಯಿ ಅಂಗಡಿಯಿದೆ, ಉತ್ತರ ಹಿಂದುಸ್ಥಾನದಿಂದ ಬಂದ ತರುಣನ ಪಾನಿಪುರಿಯ ಗಾಡಿಯಿದೆ. ನಾನು ಮಾರ್ಗದರ್ಶಿಯಾಗಿ ನಿಂತರೆ ಒಂದೊಂದು ಊರಿನಲ್ಲಿ ಒಂದೊಂದು ನಡಿಗೆಯನ್ನು ಹೇಗೆ ಹಾಕಿಕೊಂಡೇನು ಎಂಬುದನ್ನು ಈ ಹೊತ್ತು ತಮ್ಮ ಮುಂದೆ ಇಡುತ್ತೇನೆ. ಆ ದಾರಿಯಲ್ಲಿಯೇ, ಇಂಥ ನಡಿಗೆಗಳಲ್ಲಿ ಸಾಮಾನ್ಯವಾಗಿ ಹೇಳದೆ ಬಿಡುವ ಮಾತೊಂದಿದೆ. ಅದನ್ನೂ ಹೇಳುವುದು ನನ್ನ ಉದ್ದೇಶ.

ಮೊದಲು ಇಂಡಿ. ಇಲ್ಲಿ ನಡಿಗೆಯನ್ನು ಲಿಂಬೆಯ ರಾಶಿಯ ಮುಂದೆ ಆರಂಭಿಸಬೇಕು. ತೆಳುಸಿಪ್ಪೆಯ, ರಸ ತುಂಬಿದ ಈ ಕಾಗಜಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲಿಯೇ ಇದೆ. ಮಳೆ ಕೈಕೊಟ್ಟ ವರ್ಷ ರೈತರು ಟ್ಯಾಂಕರಿನ ನೀರನ್ನು ಕೊಂಡು ತಂದು ಗಿಡಗಳನ್ನು ಉಳಿಸಿಕೊಳ್ಳುವುದನ್ನು ಈ ಸೀಮೆಯವರೆಲ್ಲ ಕಂಡಿದ್ದಾರೆ. ಒಂದು ಲೋಟ ಶರಬತ್ತನ್ನು ಕೈಗೆ ಕೊಡುವಾಗ ಮಾರ್ಗದರ್ಶಿ ಇಷ್ಟನ್ನು ಹೇಳಿದರೆ ಸಾಕು. ಕುಡಿಯುವವನು ಕೊನೆಯ ಹನಿಯನ್ನು ಚೆಲ್ಲುವುದಿಲ್ಲ.

ಇಂಡಿಯ ಪೇಟೆಯಲ್ಲಿ ನಾಲಗೆಗಿಂತ ಮೊದಲು ಕಿವಿಗೆ ಕೆಲಸ. ಭೀಮಾ ನದಿಯನ್ನು ದಾಟಿದರೆ ಸೊಲ್ಲಾಪುರ ಜಿಲ್ಲೆ. 1956ರ ವರೆಗೆ ಈ ಪ್ರಾಂತವೆಲ್ಲ ಮುಂಬಯಿ ಆಡಳಿತಕ್ಕೆ ಸೇರಿತ್ತು. ಹೀಗಾಗಿ ನಮ್ಮ ಊಟದ ಮಾತಿನಲ್ಲಿ ಮರಾಠಿ ಸಲೀಸಾಗಿ ಬೆರೆತಿದೆ. ಖಾನಾವಳಿ ಎಂಬ ಹೆಸರೇ ಅತ್ತಲಿನದು. ಶೇಂಗಾ ಅತ್ತಲಿನದು. ಚಹಾ ಎಂಬುದು ಚೀನದಲ್ಲಿ ಹುಟ್ಟಿ ಹಲವು ಭಾಷೆಗಳ ಬಾಯಲ್ಲಿ ಹಾದುಬಂದ ಶಬ್ದ. ಬಜಾರ ಪಾರಸಿಯದು. ಅಂಗಡಿ ನಮ್ಮದೇ. ಬಜಾರದ ಅಂಗಡಿಯಲ್ಲಿ ಶೇಂಗಾ ಕೊಂಡು ಚಹಾ ಕುಡಿದೆ ಎಂದು ಇಂಡಿಯ ರೈತ ಹೇಳಿದರೆ ಒಂದೇ ವಾಕ್ಯದಲ್ಲಿ ನಾಲ್ಕು ಭಾಷೆಗಳು ಕೂಡಿದಂತಾಯಿತು. ಅವನಿಗೆ ಅದರ ಅರಿವಿಲ್ಲ. ಅರಿವಿಲ್ಲದಿರುವುದೇ ಆ ಕೂಟದ ಸೊಗಸು.

ಇಂಡಿಗೆ ಸಮೀಪದ ಸಾಲೋಟಗಿಯ ಹೆಸರನ್ನು ಶಾಸನಗಳನ್ನು ಓದಿದವರು ಬಲ್ಲರು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. 945ರಲ್ಲಿ, ಅವನ ಮಂತ್ರಿ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿದ್ದರೆಂದೂ ಅವರ ವಾಸಕ್ಕೆ 27 ಮನೆಗಳನ್ನು ಬಿಟ್ಟುಕೊಟ್ಟರೆಂದೂ ಅಲ್ಲಿಯ ಕಂಬದ ಶಾಸನ ಹೇಳುತ್ತದೆ. ಸಾವಿರ ವರ್ಷಗಳ ಹಿಂದೆಯೇ ಈ ಸೀಮೆಯ ಕಾಳು ದೂರದೂರದ ಮಕ್ಕಳ ಹೊಟ್ಟೆಯನ್ನು ತುಂಬಿತ್ತು ಎಂದು ಹೆಮ್ಮೆಪಡಬಹುದು. ಆದರೆ ಅದು ವೇದಶಾಸ್ತ್ರಗಳನ್ನು ಓದುವ ಬ್ರಾಹ್ಮಣ ವಟುಗಳ ಶಾಲೆ. ಆ ಕಾಳನ್ನು ಬೆಳೆದವನ ಮಗ ಅಲ್ಲಿ ಓದಲೂ ಇಲ್ಲ, ಆ ಪಂಕ್ತಿಯಲ್ಲಿ ಉಣ್ಣಲೂ ಇಲ್ಲ. ಪಂಕ್ತಿ ಎಂಬ ಈ ಮಾತನ್ನು ದಯವಿಟ್ಟು ನೆನಪಿಡಬೇಕು. ಮುಂದೆ ಇದೇ ಮಾತು ಮತ್ತೆ ಬರುತ್ತದೆ.

ಎರಡನೆಯ ನಡಿಗೆ ಸಿಂದಗಿಯದು. ಅದನ್ನು ಒಂದು ಖಾನಾವಳಿಯಲ್ಲಿಯೇ ಕಳೆಯಬೇಕು. ಇಲ್ಲಿ ನಡೆಯಬೇಕಾದ್ದು ಕಾಲಲ್ಲ, ಕಣ್ಣು. ಒಲೆಯ ಮುಂದೆ ಕುಳಿತ ತಾಯಿ ಬಿಳಿಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುತ್ತಾಳೆ. ಜೋಳದ ಹಿಟ್ಟಿಗೆ ಗೋದಿಯ ಜಿಗುಟಿಲ್ಲ. ಬಿಸಿನೀರು ಮತ್ತು ಅಂಗೈ ಎರಡೇ ಅದನ್ನು ಹಿಡಿದಿಡಬೇಕು. ಲಟ್ಟಣಿಗೆಯಿಲ್ಲದೆ ಬರಿಯ ಕೈಯಿಂದ ಬಡಿದು ಬಡಿದು ಹುಣ್ಣಿಮೆಯ ಚಂದ್ರನಂತೆ ಅಗಲಿಸಿ, ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ಮೈ ಸವರಿ, ಕೆಂಡದ ಮುಂದೆ ನಿಲ್ಲಿಸಿ ಉಬ್ಬಿಸುತ್ತಾಳೆ. ಬಡಿಯುವ ಆ ಸಪ್ಪಳಕ್ಕೆ ಒಂದು ತಾಳವಿದೆ. ಉಣ್ಣುವವನ ತಾಟಿನ ಮೇಲೆ ಅವಳ ಒಂದು ಕಣ್ಣು ಸದಾ ಇರುತ್ತದೆ.

“ಇನ್ನೊಂದು ಹಾಕಲೇನ್ರಿ ಸರ? ಬಿಸಿ ಅದ.”

“ಸಾಕ್ರಿ ಅವ್ವಾರ.”

“ಏನ್ ಸಾಕ್ರಿ? ಎರಡು ರೊಟ್ಟಿ ತಿಂದು ಯಾರರ ಬದುಕ್ತಾರೇನ್ರಿ?”

ಇಂಥ ಗದರಿಕೆಗೆ ಎದುರುತ್ತರವಿಲ್ಲ; ಮೂರನೆಯ ರೊಟ್ಟಿ ಬಂದೇ ಬರುತ್ತದೆ.

ಈಗ ತಾಟನ್ನು ನೋಡಿ. ಜೋಳ ಆಫ್ರಿಕದಲ್ಲಿ, ಸುಡಾನಿನ ಕಡೆ, ಮೊದಲು ಬೇಸಾಯಕ್ಕೆ ಬಂದ ಧಾನ್ಯ. ಸುಮಾರು 4000 ವರ್ಷಗಳ ಹಿಂದೆ ನಮ್ಮ ದೇಶಕ್ಕೆ ಬಂತು. ನಮ್ಮ ಹಿಂಗಾರಿಯ ಹೆಸರಾಂತ ಮಾಲದಂಡಿ ತಳಿಯನ್ನು ಆಯ್ದು ಹದಗೊಳಿಸಿದ್ದು ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ. ಪುಂಡಿಪಲ್ಯದ ಪುಂಡಿಯೂ ಆಫ್ರಿಕದ್ದೆ. ಹಿಂಡಿಯ ಗುರೆಳ್ಳು ಇಥಿಯೋಪಿಯದ್ದು. ಶೇಂಗಾ ದಕ್ಷಿಣ ಅಮೆರಿಕದ್ದು. ಎಣ್ಣೆಗಾಯಿಯ ಬದನೆ ನಮ್ಮ ನೆಲದ್ದು. ಬದನೆಯೊಳಗೆ ತುಂಬಿದ ಕೆಂಪು ಖಾರವೋ ಮತ್ತೆ ಅಮೆರಿಕದ್ದು. 1510ರಲ್ಲಿ ಪೋರ್ಚುಗೀಸರು ಬಿಜಾಪುರದ ಆದಿಲಶಾಹಿಗಳಿಂದ ಗೋವೆಯನ್ನು ಕಿತ್ತುಕೊಂಡರು; ಆ ಬಳಿಕ ಅವರ ಹಡಗುಗಳ ದಾರಿಯಿಂದ ಮೆಣಸಿನಕಾಯಿ ನಮ್ಮ ಕಡೆಗೆ ಬಂತು. ಸುಮಾರು 1025ರಲ್ಲಿ ಚಾವುಂಡರಾಯನು ಬರೆದ ಲೋಕೋಪಕಾರದಲ್ಲಿ ಅಡುಗೆಯ ವಿಚಾರವಿದೆ. 16ನೆಯ ಶತಮಾನದ ಆರಂಭದಲ್ಲಿ ಮಂಗರಸನು ಬರೆದ ಸೂಪಶಾಸ್ತ್ರವೆಂಬ ಪಾಕಗ್ರಂಥವೇ ಇದೆ. ಆ ಕಾಲದ ಖಾರವೆಲ್ಲ ಕರಿಮೆಣಸಿನದು. ಹೊಸ ಕಾಯಿ ಬಂದಾಗ ಕನ್ನಡಿಗರು ಅದಕ್ಕೆ ಹೊಸ ಹೆಸರನ್ನು ಹುಡುಕಲಿಲ್ಲ. ಮೆಣಸಿನಂತೆ ಖಾರವಾದ ಕಾಯಿ, ಅದು ಮೆಣಸಿನಕಾಯಿ ಎಂದುಬಿಟ್ಟರು. ಹಳೆಯ ನೆಂಟನ ಹೆಸರನ್ನು ಕೊಟ್ಟು ಹೊಸ ಅತಿಥಿಯನ್ನು ಮನೆಯೊಳಗೆ ಕರೆದುಕೊಂಡ ರೀತಿ ಇದು. ಅಪ್ಪಟ ನಮ್ಮದೆಂದು ನಾವು ಹೇಳಿಕೊಳ್ಳುವ ಊಟದಲ್ಲಿ ಮೂರು ಖಂಡಗಳು ಕುಳಿತಿವೆ. ವೈವಿಧ್ಯವನ್ನು ಕಾಣಲು ಮಹಾನಗರದ ಬಡಾವಣೆಗೇ ಹೋಗಬೇಕೆಂದಿಲ್ಲ.

ಇಲ್ಲಿ ಇನ್ನೊಂದು ಋಣವನ್ನು ನೆನೆಯಬೇಕು. ಭೀಮಾತೀರದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಹಾಡುಗಳನ್ನು ಸಂಗ್ರಹಿಸಿದರು. 1931ರಲ್ಲಿ ‘ಗರತಿಯ ಹಾಡು’ ಬೆಳಕು ಕಂಡಿತು. ಅವುಗಳಲ್ಲಿ ಎಷ್ಟೋ ಹಾಡುಗಳು ಬೀಸುವ ಕಲ್ಲಿನ ಮುಂದೆ, ನಸುಕಿನಲ್ಲಿ, ಜೋಳ ಹಿಟ್ಟಾಗುವ ಹೊತ್ತಿನಲ್ಲಿ ಹುಟ್ಟಿದವು. ಇಂದು ಗಿರಣಿ ಬಂದಿದೆ; ತೋಳಿನ ನೋವು ಕಡಿಮೆಯಾಯಿತು, ಅದು ಒಳ್ಳೆಯದೆ. ಆದರೆ ಕನ್ನಡದ ತ್ರಿಪದಿಯನ್ನು ಬಾಳಿಸಿದ್ದು ಪಂಡಿತರ ಪೀಠವಲ್ಲ, ನಮ್ಮ ರೊಟ್ಟಿಯ ಹಿಟ್ಟು ಬೀಸಿದ ಕೈಗಳು ಎಂಬುದನ್ನು ಖಾನಾವಳಿಯ ಮಣೆಯ ಮೇಲೆ ಕುಳಿತವನಿಗೆ ಹೇಳುವವರು ಬೇಕು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸಮೃದ್ಧಿಯ ಮಾತು. ಮುದ್ದೇಬಿಹಾಳದ ನಡಿಗೆಯಲ್ಲಿ ಅದು ಬದಲಾಗಬೇಕು. ಈ ತಾಲ್ಲೂಕಿನ ಹಳೆಯ ಭಾಗವಾದ ತಾಳಿಕೋಟೆಯನ್ನು 1565ರ ಯುದ್ಧದಿಂದ ಜಗತ್ತು ಬಲ್ಲದು. ನಾವು ಅದನ್ನು ಬಲ್ಲದ್ದು ಡೋಣಿ ನದಿಯಿಂದ, ಆ ನದಿಯ ಎರೆಭೂಮಿಯಿಂದ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಗಾದೆಯನ್ನು ಎಲ್ಲರೂ ಹಿಗ್ಗಿನಿಂದ ಹೇಳುತ್ತಾರೆ. ಗಾದೆಯಲ್ಲಿರುವ ‘ಬೆಳೆದರೆ’ ಎಂಬ ಮಾತಿನ ಮೇಲೆ ಬೆರಳಿಡುವವರು ಕಡಿಮೆ. ಬೆಳೆಯದಿದ್ದರೆ?

1876ರಿಂದ 78ರ ವರೆಗಿನ ಮಹಾಕ್ಷಾಮದಲ್ಲಿ ಈ ಜಿಲ್ಲೆ ಕಲಾದಗಿ ಜಿಲ್ಲೆ ಎನಿಸಿಕೊಂಡಿತ್ತು. 1872ರ ಜನಗಣತಿಯನ್ನೂ 1881ರ ಜನಗಣತಿಯನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡಿದರೆ, ಬೆಳೆಯಬೇಕಾಗಿದ್ದ ಜನಸಂಖ್ಯೆ ಬಹಳವಾಗಿ ಇಳಿದದ್ದು ಕಾಣುತ್ತದೆ. ಅಷ್ಟು ಹಿಂದಕ್ಕೆ ಹೋಗಬೇಕಾಗಿಲ್ಲ. 1972ರ ಬರದಲ್ಲಿ ನಾನು ಹುಡುಗ. ನಮ್ಮದು ಡೋಣಿಯ ದಂಡೆಯ ಹಳ್ಳಿ. ಆ ವರ್ಷ ಹಗೇವು ಬರಿದಾಯಿತು. ರೇಷನ್ ಅಂಗಡಿಯಲ್ಲಿ ಪರದೇಶದ ಕೆಂಪು ಜೋಳ ಕೊಟ್ಟರು. ನನ್ನ ತಾಯಿ ಅದರ ಹಿಟ್ಟನ್ನು ಎಷ್ಟು ನಾದಿದರೂ ರೊಟ್ಟಿ ಅಂಚಿನಲ್ಲಿ ಸೀಳುತ್ತಿತ್ತು, ಹಂಚಿನ ಮೇಲೆ ಉಬ್ಬುತ್ತಿರಲಿಲ್ಲ. ಊರಿಗೆಲ್ಲ ಹದವಾದ ರೊಟ್ಟಿಗೆ ಹೆಸರಾದವಳು ಅವಳು. ಸೀಳಿದ ರೊಟ್ಟಿಯನ್ನು ನಮ್ಮ ತಾಟಿಗೆ ಹಾಕುವಾಗ ಅವಳು ಮುಖವನ್ನು ಆಚೆ ತಿರುಗಿಸುತ್ತಿದ್ದಳು. ನಾವು ಮಕ್ಕಳು ಏನೂ ಅನ್ನದೆ ತಿನ್ನುತ್ತಿದ್ದೆವು. ಎಷ್ಟೋ ಮನೆಗಳಿಗೆ ಬೀಗ ಬಿತ್ತು. ಜನ ಗೋವೆಗೆ, ಪುಣೆಗೆ, ಮುಂಬಯಿಗೆ ಗುಳೆ ಹೋದರು. ಗಂಟಿನಲ್ಲಿ ಕಟ್ಟಿಕೊಂಡು ಹೋದದ್ದು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಉಳ್ಳಾಗಡ್ಡಿ.

ಈಗ ಅದೇ ಖಡಕ್ ರೊಟ್ಟಿಯನ್ನು ಅಂದವಾದ ಪೊಟ್ಟಣದಲ್ಲಿ ಕಟ್ಟಿ ಬೆಂಗಳೂರಿನ ಅಂಗಡಿಗಳಲ್ಲಿ ಮಾರುತ್ತಾರೆ. ಮಾರಲಿ, ಅದರಿಂದ ನಮ್ಮ ಎಷ್ಟೋ ಹೆಣ್ಣುಮಕ್ಕಳ ಒಲೆ ಉರಿಯುತ್ತಿದೆ. ಆದರೆ ಅದು ತಿಂಗಳುಗಟ್ಟಲೆ ಕೆಡದಂತೆ ಮಾಡಿದ ತಿನಿಸು ಏಕಾಯಿತೆಂದರೆ, ನಾಳೆ ಒಲೆ ಹೊತ್ತೀತೆಂಬ ಭರವಸೆಯಿಲ್ಲದ ನಾಡಿನಲ್ಲಿ ಅದು ಹುಟ್ಟಿತು. ದೂರದ ಹೊಲಕ್ಕೆ, ಜಾತ್ರೆಗೆ, ಗುಳೆಗೆ ಹೋಗುವವರ ಬುತ್ತಿ ಅದು. ತಿನಿಸಿನ ರುಚಿಯನ್ನು ಬಣ್ಣಿಸಿ ಹಸಿವನ್ನು ಹೇಳದ ಮಾರ್ಗದರ್ಶಿ ಅರ್ಧ ದಾರಿಯನ್ನಷ್ಟೇ ತೋರಿಸಿದಂತೆ.

ಇನ್ನುಳಿದದ್ದು ಬಸವನ ಬಾಗೇವಾಡಿ. ಬಸವಣ್ಣನವರ ಜನ್ಮಸ್ಥಳವೆಂದು ಹೆಸರಾದ ಈ ಊರಿನ ನಡಿಗೆಯನ್ನು ಬಸವೇಶ್ವರ ದೇವಾಲಯದ ಸುತ್ತಿನಲ್ಲಿಯೇ ಇಡಬೇಕು. ನಾನು ಆಗಲೇ ನೆನಪಿಡಲು ಕೇಳಿಕೊಂಡ ಪಂಕ್ತಿಯೆಂಬ ಮಾತು ಇಲ್ಲಿ ಮರಳಿ ಬರುತ್ತದೆ. ಸಾಲೋಟಗಿಯ ಶಾಲೆಯ ಬಳಿಕ ಸುಮಾರು 200 ವರ್ಷಗಳಿಗೆ, 12ನೆಯ ಶತಮಾನದಲ್ಲಿ, ಶರಣರು ದಾಸೋಹದ ಮಾತನ್ನಾಡಿದರು. ದಾಸೋಹವೆಂದರೆ ಬರಿಯ ಅನ್ನದಾನವಲ್ಲ. ಕೊಡುವವನು ಮೇಲೆ, ಉಣ್ಣುವವನು ಕೆಳಗೆ ಎಂಬ ಲೆಕ್ಕವನ್ನೇ ಅದು ಅಳಿಸಹೊರಟಿತ್ತು. ನೀಡುವವನು ತಾನೇ ದಾಸ. ಅದಕ್ಕಿಂತ ದೊಡ್ಡದು ಜಾತಿಯ ಗೆರೆಯನ್ನು ದಾಟಿ ಕೂಡಿ ಉಣ್ಣುವ ಮಾತು. ಉಣ್ಣುವುದು ಮುಂದೆ ಹೆಣ್ಣು ಕೊಟ್ಟು ತರುವವರೆಗೆ ಹೋದಾಗ, ಮಧುವರಸ ಹರಳಯ್ಯರ ಮಕ್ಕಳ ಮದುವೆಯ ಪ್ರಸಂಗದಲ್ಲಿ, ಕಲ್ಯಾಣವೇ ಕದಡಿತೆಂದು ಪರಂಪರೆ ಹೇಳುತ್ತದೆ. ಒಂದು ಪಂಕ್ತಿಯ ಬೆಲೆ ಅಷ್ಟಾಗಿತ್ತು.

ಧಾನ್ಯಗಳಲ್ಲಿಯೂ ಮೇಲುಕೀಳುಗಳಿದ್ದವು. ಕನಕದಾಸರ ರಾಮಧಾನ್ಯಚರಿತೆಯಲ್ಲಿ ಭತ್ತವೂ ರಾಗಿಯೂ ತಾವು ಹೆಚ್ಚು ತಾವು ಹೆಚ್ಚೆಂದು ವಾದಿಸುತ್ತವೆ. ಆರು ತಿಂಗಳ ಸೆರೆವಾಸದ ಬಳಿಕ ಕುಂದದೆ ಉಳಿಯುವುದು ಬಡವರ ರಾಗಿ. ನಮ್ಮ ಕಡೆ ರಾಗಿಯ ಸ್ಥಾನದಲ್ಲಿ ಜೋಳವಿದೆ. ನನ್ನ ಬಾಲ್ಯದಲ್ಲಿ ಅನ್ನವೆಂಬುದು ಹಬ್ಬದ ಊಟ, ಇಲ್ಲವೆ ಜಡ್ಡಿನವರ ಪಥ್ಯ. ಇಂದು ವೈದ್ಯರು ಜೋಳವನ್ನು ಹೊಗಳುತ್ತಾರೆಂದು ಪಟ್ಟಣಿಗರು ಅದನ್ನು ಹುಡುಕಿಕೊಂಡು ಬರುತ್ತಾರೆ. ಕನಕದಾಸರು ಕಂಡಿದ್ದರೆ ನಕ್ಕಾರು.

ಆದರೆ ಮನುಷ್ಯರ ಪಂಕ್ತಿಯ ಕಥೆ ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ನಮ್ಮ ಕಡೆಯ ಖಾನಾವಳಿಗಳ ಫಲಕಗಳನ್ನು ಗಮನಿಸಿದವರಿಗೆ ಗೊತ್ತು: ಲಿಂಗಾಯತ ಖಾನಾವಳಿ, ಮರಾಠಾ ಖಾನಾವಳಿ, ಸಾವಜಿ ಖಾನಾವಳಿ. ಈ ಹೆಸರುಗಳು ಈಗ ರುಚಿಯ ಗುರುತಾಗಿವೆ; ಒಂದು ಕಡೆ ಎಣ್ಣೆಗಾಯಿ, ಇನ್ನೊಂದು ಕಡೆ ಮಟನ್ ಖೀಮಾ. ಯಾರೂ ಎಲ್ಲಿಯೂ ಹೋಗಿ ಉಣ್ಣಬಹುದು. ಆದರೆ ಅವು ಹುಟ್ಟಿದ್ದು ರುಚಿಯ ಗುರುತಾಗಿ ಅಲ್ಲ. ಯಾರು ಒಳಗೆ ಬರಬಹುದು ಎಂಬುದರ ಗುರುತಾಗಿ. ಚಹಾದಂಗಡಿಯ ಹೊರಗೆ ಗೂಟಕ್ಕೆ ತೂಗುಹಾಕಿದ್ದ ಬೇರೆ ಬಟ್ಟಲುಗಳನ್ನು ನನ್ನ ವಯಸ್ಸಿನವರು ಕಣ್ಣಾರೆ ಕಂಡಿದ್ದೇವೆ. 1950ರ ಸಂವಿಧಾನ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 1955ರಲ್ಲಿ ಅದನ್ನು ಅಪರಾಧವೆಂದು ಸಾರುವ ಕಾನೂನು ಬಂತು. ಆ ಬಟ್ಟಲುಗಳು ಮಾತ್ರ ಕಾನೂನಿನ ಬಳಿಕವೂ ಬಹುಕಾಲ ಗೂಟದ ಮೇಲೆಯೇ ಇದ್ದವು. ಅದನ್ನು ಕೆಳಗಿಳಿಸಿದವರು ತಮ್ಮ ದುಡ್ಡಿಗೆ ತಾವು ಒಳಗೆ ಕುಳಿತೇ ಕುಡಿಯುತ್ತೇವೆಂದು ಬಾಗಿಲು ದಾಟಿ ಬಂದ ತರುಣರು. ಅವರ ಹೆಸರುಗಳು ಯಾವ ಶಾಸನದಲ್ಲಿಯೂ ಇಲ್ಲ.

ಕೂಡಿ ಉಣ್ಣುವ ಇನ್ನೊಂದು ಮುಖವೂ ಇದೆ. ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಮೊಹರಮ್ಮಿನಲ್ಲಿ ಅಲಾಯಿ ದೇವರಿಗೆ ನಮ್ಮ ಹಳ್ಳಿಗಳ ಹಿಂದೂ ಮನೆಗಳಿಂದ ಚೊಂಗೆ ಹೋಗುತ್ತದೆ. ರಮಜಾನಿನ ದಿನ ನೆರೆಮನೆಯಿಂದ ಸುರಕುಂಬಾ ಬರುತ್ತದೆ. ಎಳ್ಳ ಅಮಾವಾಸ್ಯೆಯಲ್ಲಿ ಹೊಲಕ್ಕೆ ಚರಗ ಚೆಲ್ಲಿ ಕುಳಿತು ಉಣ್ಣುವಾಗ ದಾರಿಯಲ್ಲಿ ಹೋಗುವವನನ್ನು ಕರೆಯದಿದ್ದರೆ ಆ ಊಟ ಊಟವಲ್ಲ. ಇದಕ್ಕೆ ಯಾರೂ ವೈವಿಧ್ಯವೆಂದು ಹೆಸರಿಟ್ಟಿರಲಿಲ್ಲ.

ಬಾಗೇವಾಡಿಯ ಹಳೆಯ ತಾಲ್ಲೂಕಿಗೇ ಸೇರಿದ್ದ ಕೊಲ್ಹಾರದಲ್ಲಿ, ಕೃಷ್ಣೆಯ ದಂಡೆಯಲ್ಲಿ, ನಡಿಗೆಯ ಕೊನೆಯ ತುತ್ತು. ಅಲ್ಲಿಯ ಗಡಿಗೆಯ ಮೊಸರನ್ನು ಈ ದಾರಿಯಲ್ಲಿ ಓಡಾಡಿದವರಿಗೆ ಪರಿಚಯಿಸಬೇಕಾಗಿಲ್ಲ. ಮಣ್ಣಿನ ಗಡಿಗೆ ನೀರಿನಂಶವನ್ನು ಹೀರಿಕೊಳ್ಳುವುದರಿಂದ ಮೊಸರು ಗಟ್ಟಿಯಾಗುತ್ತದೆ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರ ಮುಳುಗಿತು. ಜನ ಎತ್ತರಕ್ಕೆ ಬಂದು ಹೊಸ ಊರು ಕಟ್ಟಿಕೊಂಡರು. ಮನೆ, ಓಣಿ, ಹೊಲ ನೀರಿನಡಿ ಉಳಿದವು. ಮೊಸರಿನ ಹದ ಮಾತ್ರ ಜನರ ಕೈಯಲ್ಲಿ ಜೊತೆಗೆ ಬಂತು. ಆ ಬಿಳಿಯ ಮೊಸರನ್ನು ಬಾಯಿಗಿಡುವ ಪ್ರವಾಸಿಗೆ ಮುಳುಗಿದ ಊರಿನ ಹೆಸರೂ ತಿಳಿದಿರಲಿ.

ಕೇಳುಗರೆ, ಇಂಥ ನಡಿಗೆಗಳು ನಮ್ಮ ತಾಲ್ಲೂಕು ಊರುಗಳಲ್ಲಿಯೂ ಆರಂಭವಾಗಲಿ ಎಂಬುದು ನನ್ನ ಬಯಕೆ. ಅದಕ್ಕೆ ದೊಡ್ಡ ಕಂಪನಿ ಬೇಡ. ಊರಿನ ಕಾಲೇಜಿನ ಕನ್ನಡದ, ಇತಿಹಾಸದ ವಿದ್ಯಾರ್ಥಿಗಳು ತಿಂಗಳಿಗೊಂದು ಸಂತೆಯ ದಿನ ಈ ಕೆಲಸ ಮಾಡಬಲ್ಲರು. ಎರಡು ಮೂರು ನಿಯಮಗಳಿದ್ದರೆ ಸಾಕು. ರೊಟ್ಟಿ ಬಡಿಯುವ ತಾಯಿಗೆ ಅವಳು ಕೇಳಿದ ಬೆಲೆ ಸಲ್ಲಬೇಕು, ಚೌಕಾಶಿ ಕೂಡದು. ಅವಳ ಚಿತ್ರ ತೆಗೆಯುವ ಮುನ್ನ ಅವಳನ್ನು ಕೇಳಬೇಕು. ಓಣಿಯ ಜನ ನೋಟಕ್ಕಿಟ್ಟ ಗೊಂಬೆಗಳಲ್ಲ; ಅವರ ಹೊಸ್ತಿಲನ್ನು ಅತಿಥಿಯಂತೆ ದಾಟಬೇಕು.

ಕೊನೆಯ ನಿಯಮ, ನಾನು ಹೇಳಬೇಕೆಂದು ಬಂದ ಮಾತು. ಪ್ರತಿಯೊಂದು ಅಂಗಡಿಯ ಮುಂದೆ ಇದು ಏನು, ಎಲ್ಲಿಯದು ಎಂದು ಹೇಳಿದ ಬಳಿಕ ಮಾರ್ಗದರ್ಶಿ ಇನ್ನೂ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕು: ಇದು ಇಲ್ಲದ ವರ್ಷ ಈ ಊರು ಏನು ತಿಂದಿತು? ಇದು ಇದ್ದಾಗ ಯಾರು ಹೊರಗೆ ನಿಂತಿದ್ದರು? ಈ ಎರಡು ಉತ್ತರಗಳಿಂದ ತುತ್ತು ಕಹಿಯಾಗುವುದಿಲ್ಲ. ಉಪ್ಪಿಲ್ಲದೆ ಬಡಿಸಿದ್ದ ತಾಟಿಗೆ ಉಪ್ಪು ಬಿದ್ದಂತಾಗುತ್ತದೆ, ಅಷ್ಟೆ.